ಪಿಯಾನೊ ಬಿಟ್ಟು ಮಣ್ಣಿಗಿಳಿದವ

ಮೊದಲು ಕಾನೂನು ಓದಲು ಸೇರಿದ. ಸರಿಬರಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಕ್ಕೆ ಬದಲಾಯಿಸಿಕೊಂಡ. ಅದೂ ರುಚಿಸಲಿಲ್ಲ. ಎಲ್ಲವನ್ನೂ ಬಿಟ್ಟು ರಾಜಧಾನಿಗೆ ಹೋಗಿ ಪಿಯಾನೊ ಕಲಿಯಲು ಕೂತ. ಎರಡು ವರ್ಷವಾದ ಮೇಲೆ ಪಿಯಾನೊ ಮುಚ್ಚಿಟ್ಟು ಮತ್ತೆ ವಿಜ್ಞಾನಕ್ಕೇ ವಾಪಸ್! ನಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ದೊಡ್ಡಪ್ಪ, ಸೋದರಮಾವ ಎಲ್ಲ ಸೇರಿ ಜಗುಲಿಯ ಮೇಲೆ ಪಂಚಾಯಿತಿ ಹಾಕುತ್ತಿದ್ದರು. ಹುಡುಗನಿಗೆ ತಲೆ ನಿಂತಿಲ್ಲ, ಒಂದು ಮದುವೆ ಮಾಡಿ ಅಂತ ತೀರ್ಪು ಕೊಟ್ಟು ಕಾಫಿ ಕುಡಿದು ಏಳುತ್ತಿದ್ದರು.

ಈತನ ಹೆಸರು ಸೆರ್ಗೈ ವಿನೊಗ್ರಾಡ್‌ಸ್ಕಿ. 1856ರಲ್ಲಿ ಕೀವ್ ನಗರದಲ್ಲಿ ಹುಟ್ಟಿದವ. ಆಗ ಅದು ರಷ್ಯಾ ಸಾಮ್ರಾಜ್ಯದೊಳಗಿತ್ತು, ಈಗ ಉಕ್ರೇನಿನ ರಾಜಧಾನಿ. ಮೈಕ್ರೊಬಯಾಲಜಿ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಆದರೆ ಎರಡು ಅಂಕದ ಪ್ರಶ್ನೆಗೆ ಬೇಕಾಗುವಷ್ಟೇ ಗೊತ್ತಿರುತ್ತದೆ. ನಾನು ಎಂ.ಎಸ್ಸಿ. ಮುಗಿಸಿದಾಗ ನನಗೂ ಅಷ್ಟೇ ಗೊತ್ತಿದ್ದದ್ದು. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ, ಅಂದರೆ ಎಸ್‌ಟಿಪಿಯ, ಆಪರೇಟರ್ ಆಗಿದ್ದೇನೆ. ರಾತ್ರಿ ಪಾಳಿ. ವಿನೊಗ್ರಾಡ್‌ಸ್ಕಿ ಕಂಡುಹಿಡಿದ ಜೀವಿಗಳು ದಿನಾ ನನ್ನ ಕಾಲ ಕೆಳಗಿನ ಟ್ಯಾಂಕಿನಲ್ಲಿ ದುಡಿಯುತ್ತವೆ. ಅವು ಕೆಲಸ ನಿಲ್ಲಿಸಿದರೆ ಬೆಳಗ್ಗೆ ಬೈಸಿಕೊಳ್ಳುವವನು ನಾನು. ಹಾಗಾಗಿ ಈ ಮನುಷ್ಯನ ಬದುಕನ್ನು ಹುಡುಕಿ ಓದುವುದು ನನಗೆ ಪರೀಕ್ಷೆಯ ಹಂಗಿಲ್ಲದ ಓದಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆತನದು ಶ್ರೀಮಂತರ ಮನೆ. ಕೋರ್ಸ್ ಮೇಲೆ ಕೋರ್ಸ್ ಬದಲಾಯಿಸಿದರೂ ಊಟಕ್ಕೆ ತತ್ವಾರ ಇರಲಿಲ್ಲ. ಇಂಥವರ ಕಥೆಯನ್ನು ನಮ್ಮ ಕೋಚಿಂಗ್ ಸೆಂಟರುಗಳ ಭಾಷಣದಲ್ಲಿ ಹೇಳುವಾಗ ಈ ಭಾಗವನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ. ಅಪ್ಪನ ಹೆಸರಲ್ಲಿ ಸೊಸೈಟಿ ಸಾಲವಿರುವ ಹುಡುಗ ಕಾನೂನು ಬಿಟ್ಟು ಪಿಯಾನೊಗೆ ಹೋಗಲಾರ. ಆದರೂ ಈತನ ಕಥೆ ಕೇಳಬೇಕಾದದ್ದೇ. ಏಕೆಂದರೆ ಆ ಸಿರಿತನವೂ ಕೊನೆಗೆ ಉಳಿಯಲಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆಯಲ್ಲಿ ಆತನಿಗೆ ಪಾಠ ಹೇಳಿದ್ದು ಲೆಶೆಟಿಟ್ಸ್ಕಿ, ಆ ಕಾಲದ ಅತಿ ದೊಡ್ಡ ಪಿಯಾನೊ ಗುರುಗಳಲ್ಲಿ ಒಬ್ಬ. ಅಂಥವರ ಕೈಕೆಳಗೆ ಕಲಿತವ ಸಾಧಾರಣ ವಾದಕನಾಗಿರಲಾರ. ಆದರೂ 1877ರಲ್ಲಿ ಅದನ್ನು ಬಿಟ್ಟು ಅದೇ ಊರಿನ ವಿಶ್ವವಿದ್ಯಾಲಯಕ್ಕೆ ಸೇರಿದ. ಫಾಮಿಂತ್ಸಿನ್ ಎಂಬ ಸಸ್ಯವಿಜ್ಞಾನಿಯ ಬಳಿ ಪಳಗಿದ. ವೈನ್ ಮೇಲೆ ಕೆನೆ ಕಟ್ಟುವ ಒಂದು ಸೂಕ್ಷ್ಮಜೀವಿಯನ್ನು ಇಟ್ಟುಕೊಂಡು, ಅದಕ್ಕೆ ಕೊಡುವ ಆಹಾರ ಬದಲಾದರೆ ಅದರ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ಆತನ ಮೊದಲ ಕೆಲಸ. ಪುಟ್ಟ ಕೆಲಸವೇ. ಆದರೆ ಮುಂದೆ ಆತ ಮಾಡಿದ್ದೆಲ್ಲ ಇದನ್ನೇ: ಜೀವಿಯನ್ನು ಕೊಂದು ಬಣ್ಣ ಹಾಕಿ ನೋಡುವ ಬದಲು, ಬದುಕಿರುವಾಗಲೇ ಅದರ ತಟ್ಟೆಯಲ್ಲಿ ಏನಿದೆ ಎಂದು ನೋಡುವುದು.

ಈ ನಡುವೆ ಮದುವೆಯಾಯಿತು. ಹೆಂಡತಿ ಜಿನೈದಾ. ನಾಲ್ವರು ಹೆಣ್ಣುಮಕ್ಕಳ ಸಂಸಾರ. 1885ರಲ್ಲಿ, ಇಪ್ಪತ್ತೊಂಬತ್ತು ತುಂಬುವ ಹೊತ್ತಿಗೆ, ಆತ ಸ್ಟ್ರಾಸ್‌ಬರ್ಗ್‌ಗೆ ಹೋದ. ಅಲ್ಲಿ ಆಂಟನ್ ಡಿ ಬಾರಿ ಎಂಬ ದೊಡ್ಡ ವಿಜ್ಞಾನಿಯ ಪ್ರಯೋಗಾಲಯವಿತ್ತು. ಆತ ಆರಿಸಿಕೊಂಡಿದ್ದು ಬೆಜಿಯಟೋವಾ ಎಂಬ ಬ್ಯಾಕ್ಟೀರಿಯಾ. ಕೊಳೆತ ಮೊಟ್ಟೆಯ ವಾಸನೆ ಬರುವ ಗಂಧಕದ ಬುಗ್ಗೆಗಳಲ್ಲಿ ಬಿಳಿ ನೂಲಿನಂತೆ ಬೆಳೆಯುವ ಜೀವಿ ಅದು. ಅದರ ಮೈಯೊಳಗೆ ಮಿನುಗುವ ಗಂಧಕದ ಕಣಗಳಿರುತ್ತವೆ. ಕೊಳೆತ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಈ ಜೀವಿಯೇ ಉತ್ಪಾದಿಸುತ್ತದೆ ಎಂದು ಹಲವರು ತಿಳಿದಿದ್ದರು. ವಿನೊಗ್ರಾಡ್‌ಸ್ಕಿಗೆ ಅದು ಉಲ್ಟಾ ಇರಬಹುದೇ ಅನ್ನಿಸಿತು. ಉತ್ಪಾದಿಸುವುದಲ್ಲ, ತಿನ್ನುವುದು!

ಅದನ್ನು ಆತ ಸಾಬೀತು ಮಾಡಿದ ರೀತಿ ನನಗೆ ಬಹಳ ಇಷ್ಟ. ದೊಡ್ಡ ಯಂತ್ರ ಯಾವುದೂ ಇಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ, ಅದರಲ್ಲಿ ಕೆಲವು ಎಳೆ, ಮೇಲೊಂದು ತೆಳು ಗಾಜು. ಸಲ್ಫೈಡ್ ಇರುವ ನೀರನ್ನು ಹನಿಹನಿಯಾಗಿ ಒಳಗೆ ಬಿಡುವುದು, ಹಳೆಯ ನೀರನ್ನು ಹೀರಿ ತೆಗೆಯುವುದು. ದಿನಕ್ಕೆ ಹಲವು ಸಲ, ವಾರಗಟ್ಟಲೆ, ಕೈಕೂಸನ್ನು ಸಾಕಿದಂತೆ. ಸಲ್ಫೈಡ್ ಕೊಟ್ಟರೆ ಮೈಯಲ್ಲಿ ಗಂಧಕದ ಕಣ ತುಂಬಿಕೊಳ್ಳುತ್ತಿತ್ತು. ಕೊಡದಿದ್ದರೆ ಒಂದೆರಡು ದಿನದಲ್ಲಿ ಕಣಗಳು ಕರಗಿ, ಸುತ್ತಲಿನ ನೀರಿನಲ್ಲಿ ಸಲ್ಫೇಟ್ ಕಾಣಿಸಿಕೊಳ್ಳುತ್ತಿತ್ತು. ಆಮೇಲೂ ಉಪವಾಸ ಕೆಡವಿದರೆ ಜೀವಿ ಸಾಯುತ್ತಿತ್ತು. ಅಂದರೆ ಗಂಧಕ ಅದಕ್ಕೆ ಕಣಜದಲ್ಲಿಟ್ಟ ಕಾಳು. ನಾವು ಅನ್ನವನ್ನು ಉಸಿರಿನ ಆಮ್ಲಜನಕದಿಂದ ಸುಟ್ಟು ಶಕ್ತಿ ಪಡೆದರೆ, ಅದು ಗಂಧಕವನ್ನು ಸುಟ್ಟು ಶಕ್ತಿ ಪಡೆಯುತ್ತದೆ. 1887ರಲ್ಲಿ ಇದು ಪ್ರಕಟವಾಯಿತು. ಕಲ್ಲುಮಣ್ಣಿನಂಥ ನಿರ್ಜೀವ ವಸ್ತುವನ್ನು ಉರಿಸಿಕೊಂಡು ಬದುಕುವ ಜೀವಿಯೂ ಇದೆ ಎಂದು ಅದಕ್ಕೆ ಮೊದಲು ಯಾರೂ ಹೀಗೆ ತೋರಿಸಿಕೊಟ್ಟಿರಲಿಲ್ಲ.

1888ರ ಆರಂಭದಲ್ಲಿ ಗುರು ಡಿ ಬಾರಿ ತೀರಿಕೊಂಡ. ಶಿಷ್ಯ ಜ್ಯೂರಿಕ್‌ಗೆ ಬಂದ. ನನ್ನ ಟ್ಯಾಂಕಿನ ಕಥೆ ಶುರುವಾಗುವುದು ಇಲ್ಲಿಂದ.

ಹಿನ್ನೆಲೆ ಸ್ವಲ್ಪ ಬೇಕು. ಗೊಬ್ಬರ, ಗಂಜಲ, ಸತ್ತ ಎಲೆ ಏನೇ ಮಣ್ಣಿಗೆ ಬಿದ್ದರೂ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಸ್ವಲ್ಪ ದಿನದಲ್ಲಿ ಅದು ನೈಟ್ರೇಟ್ ಆಗಿರುತ್ತದೆ. ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ಅಂದರೆ ಇದೇ ನೈಟ್ರೇಟ್. ಹಳೆಯ ಕಾಲದಲ್ಲಿ ಯುರೋಪಿನ ರಾಜರು ಸಗಣಿ, ಗಂಜಲ, ಬೂದಿ, ಮಣ್ಣು ಕಲಸಿ ತಿಪ್ಪೆ ಹಾಕಿಸಿ ಇದನ್ನು ತೆಗೆಸುತ್ತಿದ್ದರು. ನಮ್ಮ ಬಿಹಾರದ ಕಡೆಯಿಂದಲೂ ಹಡಗುಗಟ್ಟಲೆ ಹೋಗುತ್ತಿತ್ತು. ಆದರೆ ಅಮೋನಿಯಾ ನೈಟ್ರೇಟ್ ಆಗುವುದು ಹೇಗೆ? ಬರೀ ರಾಸಾಯನಿಕ ಕ್ರಿಯೆ ಎಂದೇ ಬಹುಕಾಲ ನಂಬಿದ್ದರು. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮುಂಟ್ಸ್ ಎಂಬಿಬ್ಬರು ಕೊಳಚೆ ನೀರನ್ನು ಮರಳು ತುಂಬಿದ ಕೊಳವೆಯೊಳಗೆ ನಿಧಾನವಾಗಿ ಇಳಿಸಿದರು. ಕೆಲವು ದಿನ ಕಳೆದ ಮೇಲೆ ಕೆಳಗೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದರು, ನಿಂತಿತು. ಜೀವ ಇದ್ದದ್ದಕ್ಕೆ ತಾನೇ ಮತ್ತು ಬರುವುದು? ಮರಳಿಗೆ ಬರುತ್ತದೆಯೇ? ಹಾಗಾಗಿ ಒಳಗೆ ಯಾವುದೋ ಜೀವಿ ಇದೆ ಎಂದಾಯಿತು.

ಆದರೆ ಆ ಜೀವಿ ಯಾರ ಕೈಗೂ ಸಿಗಲಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರಾಬರ್ಟ್ ವಾರಿಂಗ್ಟನ್ ವರ್ಷಗಟ್ಟಲೆ ಹೆಣಗಿದ. ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೇಟ್ ಆಗುತ್ತದೆ, ಎರಡು ಹಂತ ಬೇರೆ ಬೇರೆ ಎನ್ನುವವರೆಗೂ ಹೋದ. ಆದರೆ ಜೀವಿಯನ್ನು ಬೇರ್ಪಡಿಸಲಾಗಲಿಲ್ಲ. ಕಾರಣ ಸರಳ. ಆಗ ಎಲ್ಲರೂ ಬಳಸುತ್ತಿದ್ದುದು ಕಾಖ್ ಕಲಿಸಿಕೊಟ್ಟ ವಿಧಾನ. ಮಾಂಸದ ಸಾರು ಬೆರೆಸಿದ ಜೆಲಟಿನ್ ತಟ್ಟೆ, ಅದರ ಮೇಲೆ ಬ್ಯಾಕ್ಟೀರಿಯಾ ಬಿತ್ತುವುದು. ರೋಗಾಣುಗಳಿಗೆ ಅದು ಮೃಷ್ಟಾನ್ನ. ಹಾಗಾಗಿ ಎಲ್ಲ ಬ್ಯಾಕ್ಟೀರಿಯಾಕ್ಕೂ ಅದೇ ಊಟ ಎಂದು ತಿಳಿದಿದ್ದರು. ಉಣ್ಣುವವರನ್ನು ಕೇಳದೆ ಎಲೆ ಹಾಕಿದ ಹಾಗೆ.

ವಿನೊಗ್ರಾಡ್‌ಸ್ಕಿ ಊಟವನ್ನೇ ಬದಲಾಯಿಸಿದ. ಸಕ್ಕರೆ ಇಲ್ಲ, ಸಾರಿಲ್ಲ, ಸಾವಯವ ವಸ್ತುವಿನ ಲವಲೇಶವಿಲ್ಲ. ನೀರು, ಅಮೋನಿಯಾದ ಲವಣ, ಸ್ವಲ್ಪ ಖನಿಜ, ತಳಕ್ಕೆ ಕಾರ್ಬೊನೇಟ್ ಪುಡಿ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಇದು ಏಕಾದಶಿ. ಆದರೆ ಅಮೋನಿಯಾ ಮಾಯವಾಗುತ್ತಾ ಹೋಯಿತು. ಬಾಟಲಿಯ ನೀರು ಮಾತ್ರ ತಿಳಿಯಾಗೇ ಇತ್ತು. ಜೀವಿಗಳು ಮೇಲೆಲ್ಲೂ ಇರಲಿಲ್ಲ, ತಳದ ಕಾರ್ಬೊನೇಟ್ ಕಣಗಳಿಗೆ ಕಚ್ಚಿಕೊಂಡು ಕೂತಿದ್ದವು.

ಜೊತೆಗೆ ಬೇರೆ ಕೆಲವು ಬ್ಯಾಕ್ಟೀರಿಯಾಗಳೂ ಸೇರಿಕೊಂಡಿದ್ದವು. ಅವನ್ನು ತೆಗೆಯುವುದಕ್ಕೆ ಆತ ಹೂಡಿದ ಉಪಾಯ ಓದಿದಾಗ ನಾನು ರಾತ್ರಿ ಎರಡು ಗಂಟೆಗೆ ಪಂಪ್ ರೂಮಿನಲ್ಲಿ ಒಬ್ಬನೇ ನಕ್ಕೆ. ಅದೇ ಜೆಲಟಿನ್ ತಟ್ಟೆಯನ್ನು ತೆಗೆದುಕೊಂಡ. ಅದರ ಮೇಲೆ ತಳದ ಕಣಗಳನ್ನು ಹರಡಿದ. ಕೆಲವು ಕಣಗಳ ಸುತ್ತ ಬ್ಯಾಕ್ಟೀರಿಯಾ ಬೆಳೆದವು. ಎಲ್ಲರೂ ನೋಡುವುದು ಅಲ್ಲಿಗೆ. ಈತ ಏನೂ ಬೆಳೆಯದ ಕಡೆ ನೋಡಿದ. ಅಲ್ಲಿನ ಕಣವನ್ನು ಎತ್ತಿ ತನ್ನ ಅಮೋನಿಯಾ ನೀರಿಗೆ ಹಾಕಿದ. ಜೆಲಟಿನ್ ಮೇಲೆ ಏಳದ್ದು ಅಲ್ಲಿ ಎದ್ದಿತು. ಮೃಷ್ಟಾನ್ನ ತಿನ್ನುವವರು ಹೊರಗೆ ಉಳಿದರು, ಬೇಕಾದ ಜೀವಿ ಸಿಕ್ಕಿತು. ಆಮೇಲೆ ಜೆಲಟಿನ್ ಬದಲು ಸಿಲಿಕಾದಿಂದ, ಅಂದರೆ ಮರಳಿನ ಮೂಲವಸ್ತುವಿನಿಂದಲೇ, ಲೋಳೆಯ ತಟ್ಟೆ ಮಾಡಿ ಅದರ ಮೇಲೆ ನೇರವಾಗಿ ಬೆಳೆಸಿದ. 1890ರಿಂದ ಒಂದರ ಹಿಂದೊಂದು ಪ್ರಬಂಧಗಳು ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಬಂದವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪರ್ಸಿ ಮತ್ತು ಗ್ರೇಸ್ ಫ್ರಾಂಕ್‌ಲ್ಯಾಂಡ್ ದಂಪತಿಯೂ ಇಂಥ ಜೀವಿಯನ್ನು ಬೇರ್ಪಡಿಸಿದ್ದರು ಎನ್ನುವುದನ್ನೂ ಹೇಳಬೇಕು.

ಅಮೋನಿಯಾವನ್ನು ನೈಟ್ರೈಟ್ ಮಾಡುವುದಕ್ಕೆ ನೈಟ್ರೊಸೊಮೊನಾಸ್ ಎಂದೂ, ನೈಟ್ರೈಟನ್ನು ನೈಟ್ರೇಟ್ ಮಾಡುವುದಕ್ಕೆ ನೈಟ್ರೊಬ್ಯಾಕ್ಟರ್ ಎಂದೂ ಹೆಸರಿಟ್ಟ. ಒಂದು ಬಿಟ್ಟ ಎಂಜಲು ಇನ್ನೊಂದರ ಊಟ. ಜಾವಾ ದ್ವೀಪ, ದಕ್ಷಿಣ ಅಮೆರಿಕ ಹೀಗೆ ದೂರದೂರದ ಮಣ್ಣು ತರಿಸಿ ಹುಡುಕಿದ. ಹೋದಲ್ಲೆಲ್ಲ ಇವರ ಸಂಸಾರ ಇತ್ತು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಶಕ್ತಿ ಅಮೋನಿಯಾದಿಂದ ಸಿಕ್ಕಿತು ಸರಿ. ಮೈ ಕಟ್ಟಿಕೊಳ್ಳಲು ಇಂಗಾಲ ಎಲ್ಲಿಂದ? ಸಾವಯವ ವಸ್ತು ಹಾಕಿಯೇ ಇಲ್ಲವಲ್ಲ! ಆತ ಬಾಟಲಿಗಳನ್ನು ಅತಿ ಚೊಕ್ಕವಾಗಿ ತೊಳೆದು, ಕೊನೆಯಲ್ಲಿ ಎಷ್ಟು ಸಾವಯವ ಇಂಗಾಲ ಹೊಸದಾಗಿ ಸೇರಿದೆ ಎಂದು ಅಳೆದ. ಸೇರಿತ್ತು. ಕಾರ್ಬೊನೇಟ್ ಮತ್ತು ಇಂಗಾಲದ ಡೈ ಆಕ್ಸೈಡಿನಿಂದಲೇ ಅದು ಬಂದಿತ್ತು. ಅದೂ ಕತ್ತಲಲ್ಲಿ. ಆವರೆಗೆ ಆ ವಿದ್ಯೆ ಬಿಸಿಲಲ್ಲಿ ನಿಂತ ಹಸಿರೆಲೆಗೆ ಮಾತ್ರ ಗೊತ್ತು ಎಂದುಕೊಂಡಿದ್ದರು. ಬಿಸಿಲಿಲ್ಲದೆ, ಹಸಿರಿಲ್ಲದೆ ಗಾಳಿಯಿಂದ ಮೈ ಕಟ್ಟುವ ಜೀವಿಗಳು ನಮ್ಮ ಕಾಲ ಕೆಳಗೇ ಇವೆ ಎಂದು ಗೊತ್ತಾದದ್ದು ಹೀಗೆ.

ಆದರೆ ಅವುಗಳ ಬದುಕು ಎಷ್ಟು ಕಷ್ಟದ್ದು ನೋಡಿ. ಒಂದು ಮಿಲಿಗ್ರಾಂ ಇಂಗಾಲ ಮೈಗೆ ಸೇರಬೇಕಾದರೆ ಸುಮಾರು 35 ಮಿಲಿಗ್ರಾಂ ಸಾರಜನಕವನ್ನು ಸುಡಬೇಕು ಎಂದು ಆತನ ಲೆಕ್ಕ ಹೇಳಿತು. ತಿಂಗಳೆಲ್ಲ ದುಡಿದರೆ ಒಂದು ದಿನದ ಸಂಬಳ ಉಳಿದಂತೆ. ಯಾಕೆ ಹೀಗೆ ಎಂಬ ಒಳಗುಟ್ಟು ಆತನ ನಂತರ ಬಂದವರು ಬಿಡಿಸಿದ್ದು. ಒಂದು ಮೋಲ್ ಗ್ಲೂಕೋಸ್ ಪೂರ್ತಿ ಉರಿದರೆ ಸುಮಾರು 2,870 ಕಿಲೋಜೌಲ್ ಶಕ್ತಿ. ಒಂದು ಮೋಲ್ ಅಮೋನಿಯಾ ನೈಟ್ರೈಟ್ ಆದರೆ ಸಿಗುವುದು ಸುಮಾರು 275. ನೈಟ್ರೈಟ್ ನೈಟ್ರೇಟ್ ಆದರೆ ಬರೀ 74ರ ಆಸುಪಾಸು.

ಅದರಲ್ಲೂ ಖರ್ಚಿದೆ. ಮೊದಲ ಕಿಣ್ವ ಅಮೋನಿಯಾಗೆ ಆಮ್ಲಜನಕ ಸೇರಿಸಿ ಹೈಡ್ರಾಕ್ಸಿಲಮೀನ್ ಮಾಡುತ್ತದೆ. ಈ ಹೆಜ್ಜೆಯಲ್ಲಿ ಲಾಭವಿಲ್ಲ, ಬದಲಿಗೆ ಕೈಯಿಂದ ಎರಡು ಎಲೆಕ್ಟ್ರಾನ್ ಹಾಕಬೇಕು. ಹೈಡ್ರಾಕ್ಸಿಲಮೀನ್ ಮುಂದೆ ನೈಟ್ರೈಟ್ ಆಗುವಾಗ ನಾಲ್ಕು ಎಲೆಕ್ಟ್ರಾನ್ ಕೈಗೆ ಬರುತ್ತವೆ. ಆದರೆ ಅವುಗಳಲ್ಲಿ ಎರಡು ಮುಂದಿನ ಅಮೋನಿಯಾ ಕಣಕ್ಕಾಗಿ ಮೊದಲ ಹೆಜ್ಜೆಗೇ ವಾಪಸ್ ಹೋಗಬೇಕು. ರೈತ ಕೊಯ್ಲಾದ ಕೂಡಲೇ ಬಿತ್ತನೆ ಬೀಜ ಎತ್ತಿಡುವಂತೆ. ಅದೂ ಬೆಳೆದ ಅರ್ಧದಷ್ಟು! ಉಳಿದವನ್ನು ಆಮ್ಲಜನಕಕ್ಕೆ ದಾಟಿಸುವಾಗ ಜೀವಕೋಶದ ಪೊರೆಯಾಚೆ ಪ್ರೋಟಾನ್‌ಗಳು ಜಮಾ ಆಗುತ್ತವೆ. ಕಟ್ಟೆಯ ನೀರು ಟರ್ಬೈನ್ ತಿರುಗಿಸುವಂತೆ ಅವು ಒಳಗೆ ಹರಿಯುವಾಗ ಎಟಿಪಿ ತಯಾರಾಗುತ್ತದೆ. ಅಷ್ಟಕ್ಕೂ ಮುಗಿಯಲಿಲ್ಲ. ಇಂಗಾಲದ ಡೈ ಆಕ್ಸೈಡನ್ನು ಮೈಗೆ ಸೇರಿಸಲು ಹೆಚ್ಚು ಶಕ್ತಿಯ ಎಲೆಕ್ಟ್ರಾನ್ ಬೇಕು. ನೈಟ್ರೈಟಿನಂಥ ವಸ್ತುವಿನಿಂದ ಬರುವ ಎಲೆಕ್ಟ್ರಾನ್ ತಗ್ಗಿನಲ್ಲಿರುತ್ತದೆ. ಅದನ್ನು ಮೇಲಕ್ಕೆ ತಳ್ಳಲು ಗಳಿಸಿದ ಶಕ್ತಿಯಲ್ಲೇ ಒಂದು ಪಾಲು ಸುರಿಯಬೇಕು. ತಗ್ಗಿನ ಕೆರೆಯಿಂದ ಮೇಲಿನ ಹೊಲಕ್ಕೆ ಏತ ಹಾಕಿದ ಹಾಗೆ. ಇಷ್ಟೆಲ್ಲ ಕಳೆದು ಉಳಿದದ್ದರಲ್ಲಿ ಅದು ಬೆಳೆಯಬೇಕು. ಹಾಗಾಗಿಯೇ ಸಾಮಾನ್ಯ ಬ್ಯಾಕ್ಟೀರಿಯಾ ಒಳ್ಳೆಯ ಊಟ ಸಿಕ್ಕರೆ ಇಪ್ಪತ್ತು–ಮೂವತ್ತು ನಿಮಿಷಕ್ಕೆ ಎರಡಾದರೆ, ಇವಕ್ಕೆ ಹಲವು ಗಂಟೆ, ಎಷ್ಟೋ ಸಲ ಒಂದು ದಿನವೇ ಬೇಕು.

ನಮ್ಮ ಎಸ್‌ಟಿಪಿಯಲ್ಲಿ ಈ ನಿಧಾನವೇ ದೊಡ್ಡ ತಲೆನೋವು. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಅದಕ್ಕೇ ಬ್ಲೋವರ್ ಗರ್ರೆನ್ನುತ್ತಾ ಓಡುತ್ತಲೇ ಇರಬೇಕು. ಕ್ರಿಯೆಯಲ್ಲಿ ಆಮ್ಲವೂ ಹುಟ್ಟುತ್ತದೆ, ನೀರಿನ ಕ್ಷಾರ ಕರಗುತ್ತದೆ. ವಿನೊಗ್ರಾಡ್‌ಸ್ಕಿ ಬಾಟಲಿಯ ತಳಕ್ಕೆ ಕಾರ್ಬೊನೇಟ್ ಹಾಕಿದ್ದ, ನಾವು ಸುಣ್ಣವನ್ನೋ ಸೋಡಾವನ್ನೋ ಹಾಕುತ್ತೇವೆ. ನಾನು ಮೊದಲಿದ್ದ ಒಂದು ಕಡೆ ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸು ಎನ್ನುತ್ತಿದ್ದರು. ಕೊಳೆ ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಹೇಗೋ ಸುಧಾರಿಸಿಕೊಳ್ಳುತ್ತಿದ್ದವು. ಅಮೋನಿಯಾದವು ಸೊರಗುತ್ತಿದ್ದವು. ಮೂರೇ ದಿನಕ್ಕೆ ಗಾರ್ಡನ್ ನೀರು ಮೂಗಿಗೆ ಹೊಡೆಯುತ್ತಿತ್ತು. ಒಮ್ಮೆ ಇವು ಕೈಬಿಟ್ಟರೆ ಮತ್ತೆ ಸಂಸಾರ ಕಟ್ಟಿಕೊಳ್ಳಲು ವಾರಗಳೇ ಬೇಕು. ಬ್ಲೋವರ್ ಸ್ವಿಚ್ ಹಾಕಿದ ಕೂಡಲೇ ವಾಸನೆ ಹೋಗಬೇಕು ಎನ್ನುವವರಿಗೆ ಇದನ್ನು ತಿಳಿಸಿ ಹೇಳುವುದು ನನ್ನ ಕೆಲಸದ ಅರ್ಧ ಭಾಗ.

ಮತ್ತೆ ಆತನ ಕಥೆಗೆ ಬರೋಣ. ಜ್ಯೂರಿಕ್‌ನ ಕೆಲಸ ನೋಡಿದ ಪ್ಯಾರಿಸ್‌ನವರು ಪಾಶ್ಚರ್ ಸಂಸ್ಥೆಗೆ ಬಾ ಎಂದು ಕರೆದರು. ಆಗಿನ್ನೂ ಪಾಶ್ಚರ್ ಬದುಕಿದ್ದ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಕರೆ ಇರಲಿಲ್ಲ. ವಿನೊಗ್ರಾಡ್‌ಸ್ಕಿ ಒಪ್ಪಲಿಲ್ಲ. 1891ರಲ್ಲಿ ತನ್ನ ದೇಶಕ್ಕೆ ಮರಳಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೊಸದಾಗಿ ಶುರುವಾಗಿದ್ದ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥನಾದ. ನಾಯಿ–ಗಂಟೆಯ ಪಾವ್ಲೋವ್ ಕೂಡ ಅಲ್ಲೇ ಇದ್ದ. ಅಲ್ಲಿದ್ದಾಗ ಇನ್ನೊಂದು ದೊಡ್ಡ ಕೆಲಸ ಮಾಡಿದ. ಗಾಳಿಯ ಸಾರಜನಕವನ್ನು ನೇರವಾಗಿ ಹಿಡಿದುಕೊಳ್ಳುವ, ಆದರೆ ಆಮ್ಲಜನಕ ಕಂಡರಾಗದ ಒಂದು ಬ್ಯಾಕ್ಟೀರಿಯಾವನ್ನು ಮಣ್ಣಿನಿಂದ ಬೇರ್ಪಡಿಸಿ, ಅದಕ್ಕೆ ಪಾಶ್ಚರ್‌ನ ಹೆಸರಿಟ್ಟ. ಕರೆ ಒಪ್ಪದಿದ್ದರೂ ಗೌರವ ಸಲ್ಲಿಸಿದ್ದ ಎಂದು ನಾನು ಅಂದುಕೊಂಡಿದ್ದೇನೆ.

ಆಮೇಲೆ ಆಡಳಿತ ಮೈಮೇಲೆ ಬಂತು. ಸಂಸ್ಥೆಯ ನಿರ್ದೇಶಕನೂ ಆದ. ಕಾಗದಪತ್ರ ಹೆಚ್ಚಿತು, ಸೂಕ್ಷ್ಮದರ್ಶಕ ದೂರವಾಯಿತು, ಆರೋಗ್ಯವೂ ಕೆಟ್ಟಿತು. 1905ರಲ್ಲಿ, ಐವತ್ತು ತುಂಬುವ ಮೊದಲೇ, ಎಲ್ಲ ಬಿಟ್ಟು ತನ್ನ ಜಮೀನಿಗೆ ಹೋದ. ಉಕ್ರೇನಿನ ಗೊರೊದೊಕ್ ಎಂಬಲ್ಲಿ ದೊಡ್ಡ ಆಸ್ತಿ ಇತ್ತು. ಬೇಸಾಯ, ಕಾಡು, ಪಿಯಾನೊ. ಸಂಶೋಧನೆ ಇಲ್ಲ. ಒಂದಲ್ಲ ಎರಡಲ್ಲ, ಹದಿನಾರು–ಹದಿನೇಳು ವರ್ಷ.

ಗೆಳೆಯರೇ, ಸಂದರ್ಶನಕ್ಕೆ ಹೋದವರಿಗೆ ಗೊತ್ತು, ಗ್ಯಾಪ್ ಎಂಬ ಪದದ ಭಾರ ಎಷ್ಟೆಂದು. ಅಪ್ಪನ ಆಪರೇಷನ್ ಆದಾಗ ನಾನು ಹದಿನಾಲ್ಕು ತಿಂಗಳು ಊರಲ್ಲಿದ್ದು ಗದ್ದೆ ನೋಡಿಕೊಂಡೆ. ಆ ಹದಿನಾಲ್ಕು ತಿಂಗಳ ಬಗ್ಗೆ ಹೋದ ಕಡೆಯೆಲ್ಲ ಕೇಳುತ್ತಾರೆ. ಭತ್ತದ ಗದ್ದೆಗೆ ಯೂರಿಯಾ ಚೆಲ್ಲಿದೆ ಎಂದರೆ ಎದುರಿಗಿದ್ದವರು ಪೆನ್ನು ಕೆಳಗಿಡುತ್ತಾರೆ. ಆದರೆ ಯೂರಿಯಾ ಮಣ್ಣಿಗೆ ಬಿದ್ದು ಅಮೋನಿಯಾ ಆಗಿ, ಅದನ್ನು ಇದೇ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡಿ, ನಿಂತ ನೀರಿನ ಕೆಸರಿನಲ್ಲಿ ಆ ನೈಟ್ರೇಟ್ ಬೇರೆ ಬ್ಯಾಕ್ಟೀರಿಯಾಗಳ ಪಾಲಾಗಿ ಗಾಳಿಗೆ ಹಾರಿಹೋಗುವುದನ್ನು ನಾನು ಓದಿದ್ದು ಪುಸ್ತಕದಲ್ಲಾದರೆ, ತಿಳಿದದ್ದು ಅಪ್ಪನ ಗೊಬ್ಬರದ ಖರ್ಚಿನಲ್ಲಿ. ಅಮೋನಿಯಾ ಜೇಡಿಮಣ್ಣಿಗೆ ಅಂಟಿಕೊಂಡಿರುತ್ತದೆ, ನೈಟ್ರೇಟ್ ನೀರಿನೊಡನೆ ಓಡುತ್ತದೆ. ಈಗ ನಮಗೆ ಸಿಗುವ ಯೂರಿಯಾಗೆ ಬೇವಿನ ಎಣ್ಣೆ ಸವರಿರುತ್ತಾರಲ್ಲ, ಅದು ನೈಟ್ರೊಸೊಮೊನಾಸ್‌ನ ಕೈ ತಡೆಯಲಿಕ್ಕೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಗೆಲ್ಲ ಇದು ಕಡ್ಡಾಯ. ನನ್ನ ಟ್ಯಾಂಕಿನಲ್ಲಿ ಯಾವುದನ್ನು ಮಗುವಿನಂತೆ ಸಾಕುತ್ತೇನೋ, ಅಪ್ಪನ ಗದ್ದೆಯಲ್ಲಿ ಅದಕ್ಕೇ ಬೇವು ತಿನ್ನಿಸುತ್ತೇವೆ.

ವಿನೊಗ್ರಾಡ್‌ಸ್ಕಿಯ ಗ್ಯಾಪ್ ಮುಗಿದದ್ದು ಸಂತೋಷದಿಂದಲ್ಲ. 1917ರ ಕ್ರಾಂತಿ, ಅದರ ಹಿಂದೆ ಅಂತರ್ಯುದ್ಧ. ಆಸ್ತಿ ಹೋಯಿತು. ಅರವತ್ತು ದಾಟಿದ ಮುದುಕ ದೇಶ ಬಿಟ್ಟ. 1921ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಒಂದು ಮೇಷ್ಟ್ರ ಕೆಲಸ ಸಿಕ್ಕಿತು. ಆರಿಸಿಕೊಂಡ ಕೆಲಸ ಎನ್ನುವುದಕ್ಕಿಂತ ಹೊಟ್ಟೆಪಾಡಿನ ಕೆಲಸ. ಪ್ರಯೋಗಕ್ಕೆ ಸರಿಯಾದ ಸೌಕರ್ಯ ಇರಲಿಲ್ಲ. ಇದ್ದದ್ದರಲ್ಲಿ ದೊಡ್ಡ ಆಸ್ತಿ ಎಂದರೆ ಬ್ಯಾಕ್ಟೀರಿಯಾ ವಿಜ್ಞಾನದ ಒಂದು ಜರ್ಮನ್ ಪತ್ರಿಕೆಯ ಹಳೆಯ ಸಂಪುಟಗಳು. ತಾನು ದೂರವಿದ್ದ ವರ್ಷಗಳಲ್ಲಿ ಜಗತ್ತು ಏನು ಮಾಡಿದೆ ಎಂದು ಅವನ್ನು ಓದುತ್ತಾ ಹೋದ. ಬ್ಯಾಂಕಿಂಗ್ ಪರೀಕ್ಷೆಗೆ ಮೂರು ವರ್ಷದ ಹಳೆಯ ಪ್ರಶ್ನೆಪತ್ರಿಕೆ ರಾಶಿ ಹಾಕಿಕೊಂಡು ಕೂರುವವರಿಗೆ ಈ ಚಿತ್ರ ಪರಿಚಿತ. ವ್ಯತ್ಯಾಸ ಇಷ್ಟೇ, ಆತನಿಗಾಗ 65 ವರ್ಷ.

1922ರಲ್ಲಿ ಪ್ಯಾರಿಸ್‌ನಿಂದ ಮತ್ತೆ ಕರೆ ಬಂತು. ಅದೇ ಪಾಶ್ಚರ್ ಸಂಸ್ಥೆ. ಆಗ ಅದರ ನಿರ್ದೇಶಕ ಎಮಿಲ್ ರೂ. ಮೂವತ್ತು ವರ್ಷದ ಹಿಂದೆ ಬೇಡ ಎಂದಿದ್ದವ ಈಗ ಹೂಂ ಎಂದ. ಪ್ಯಾರಿಸ್‌ನಿಂದ ಸುಮಾರು 30 ಕಿಲೋಮೀಟರ್ ದೂರದ ಬ್ರೀ-ಕೊಂತ್-ರೊಬೇರ್ ಎಂಬ ಸಣ್ಣ ಊರಿನಲ್ಲಿ ಕೃಷಿ ಸೂಕ್ಷ್ಮಜೀವಿ ವಿಭಾಗ ಕಟ್ಟಿದ. ನಮ್ಮಲ್ಲಿ ನಿವೃತ್ತರಾದವರು ಬೆಳಗಿನ ವಾಕಿಂಗ್ ಶುರು ಮಾಡುವ ವಯಸ್ಸು ದಾಟಿ ಆರು ವರ್ಷವಾಗಿತ್ತು.

ಅಲ್ಲಿ ಆತ ಎತ್ತಿದ ತಕರಾರು ಹೊಸದು. ಪ್ರಯೋಗಾಲಯದ ಸಮೃದ್ಧ ಊಟದಲ್ಲಿ ಕೊಬ್ಬಿದ ಬ್ಯಾಕ್ಟೀರಿಯಾ ನೋಡಿ ಮಣ್ಣಿನ ಬಗ್ಗೆ ತೀರ್ಪು ಕೊಡಬಾರದು, ಮಣ್ಣನ್ನು ಮಣ್ಣಾಗಿಯೇ ನೋಡಬೇಕು ಎಂಬುದು ಆತನ ವಾದ. ಮಣ್ಣನ್ನು ನೇರವಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸಿದ. ಅಲ್ಲಿ ಎರಡು ಬಗೆಯ ನಿವಾಸಿಗಳನ್ನು ಕಂಡ. ಗೊಬ್ಬರವೋ ಎಲೆಯೋ ಬಿದ್ದಾಗ ಜಾತ್ರೆಯಂತೆ ನೆರೆದು, ತಿಂದು ಮುಗಿದ ಮೇಲೆ ಕರಗಿಹೋಗುವವರು ಒಂದು ಬಗೆ. ಜಾತ್ರೆ ಬಂದರೂ ಹೋದರೂ ಸಿಕ್ಕಷ್ಟರಲ್ಲಿ ನಿಧಾನವಾಗಿ ಬದುಕಿಕೊಂಡಿರುವ ಖಾಯಂ ಒಕ್ಕಲು ಇನ್ನೊಂದು ಬಗೆ. ನೈಟ್ರೀಕರಣದ ಬ್ಯಾಕ್ಟೀರಿಯಾಗಳ ಕೆಲಸವನ್ನೂ ಮತ್ತೆ ಕೈಗೆತ್ತಿಕೊಂಡ, ಈ ಸಲ ಮಗಳು ಹೆಲೆನ್ ಜೊತೆಗಿದ್ದಳು.

1940ರಲ್ಲಿ ಕೆಲಸದಿಂದ ನಿವೃತ್ತನಾದ. ಆ ವರ್ಷವೇ ಜರ್ಮನ್ ಸೈನ್ಯ ಫ್ರಾನ್ಸಿಗೆ ನುಗ್ಗಿತು. ಎಂಬತ್ತು ದಾಟಿದ್ದ ಆತ ಅದೇ ಊರಿನಲ್ಲಿ ಉಳಿದು ತನ್ನ ಜೀವಮಾನದ ಬರಹಗಳನ್ನು ಜೋಡಿಸುತ್ತಾ ಕೂತ. ಮಣ್ಣಿನ ಸೂಕ್ಷ್ಮಜೀವಿಗಳ ಬಗೆಗಿನ ಆ ಹೊತ್ತಿಗೆ 1949ರಲ್ಲಿ ಫ್ರೆಂಚಿನಲ್ಲಿ ಬಂತು. 1953ರ ಫೆಬ್ರುವರಿಯಲ್ಲಿ, 96ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡ. ನೊಬೆಲ್ ಬರಲಿಲ್ಲ. ಆತನ ಜೀವನಚರಿತ್ರೆ ಬರೆದ ಸೆಲ್ಮನ್ ವಾಕ್ಸ್‌ಮನ್‌ಗೆ ಮಾತ್ರ ಅದರ ಹಿಂದಿನ ವರ್ಷವಷ್ಟೇ ನೊಬೆಲ್ ಬಂದಿತ್ತು, ಮಣ್ಣಿನ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದದ್ದಕ್ಕೆ.

ಆತ ಹಾಕಿಕೊಟ್ಟ ಎರಡು ಹಂತದ ಲೆಕ್ಕ ನೂರು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳಲ್ಲಿ ಕದಲದೆ ನಿಂತಿತು. ಒಂದು ಜೀವಿ ಅಮೋನಿಯಾ ತಿನ್ನಬೇಕು, ಇನ್ನೊಂದು ನೈಟ್ರೈಟ್ ತಿನ್ನಬೇಕು. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಒಂದು ಮತ್ಸ್ಯಾಲಯದ ತೊಟ್ಟಿಯಿಂದ ಬಂದ ಜೀವಿಯೊಂದು ಬ್ಯಾಕ್ಟೀರಿಯಾವೇ ಅಲ್ಲದೆ, ಆರ್ಕಿಯಾ ಎಂಬ ಬೇರೆಯೇ ಕುಲದ್ದಾಗಿದ್ದೂ ಅಮೋನಿಯಾ ತಿನ್ನುತ್ತದೆ ಎಂದು ಗೊತ್ತಾಯಿತು. ಸಮುದ್ರದಲ್ಲಿ ಅಮೋನಿಯಾ ಕೆಲಸದ ದೊಡ್ಡ ಪಾಲು ಇವರದೇ ಎಂದು ಈಗ ತಿಳಿದಿದೆ. 2015ರಲ್ಲಿ ಇನ್ನೂ ದೊಡ್ಡದು ಬಂತು. ಅಮೋನಿಯಾದಿಂದ ನೈಟ್ರೇಟ್‌ವರೆಗೆ ಎರಡೂ ಹಂತವನ್ನು ಒಂದೇ ಮೈಯಲ್ಲಿ ಮುಗಿಸುವ ಬ್ಯಾಕ್ಟೀರಿಯಾವನ್ನು ಎರಡು ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ನೈಟ್ರೊಸ್ಪೈರ ಕುಲದವು. ಅಲ್ಲಿಯವರೆಗೆ ನೈಟ್ರೈಟ್ ಮಾತ್ರ ತಿನ್ನುತ್ತವೆ ಎಂದು ನಂಬಿದ್ದ ಕುಲ ಅದು. ಹೀಗೆ ಸಿಕ್ಕಿದ ಒಂದು ಜಾತಿಗೆ ಅನಿರೀಕ್ಷಿತ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಅದರ ಮೂಲ ಮಾದರಿ ಬಂದದ್ದು ರಷ್ಯಾದಿಂದ. ತೈಲ ಹುಡುಕಲು ಕೊರೆದ 1,200 ಮೀಟರ್ ಆಳದ ಬಾವಿಯ ಕೊಳವೆಗೆ, ಬಿಸಿನೀರು ಹರಿಯುವ ಕಡೆ, ಲೋಳೆಯಂತೆ ಕಚ್ಚಿಕೊಂಡು ಕೂತಿತ್ತು.